ಕಾಕಾನ ಬಂದೂಕು, ತಮ್ಮನ ಅರ್ಜಿ

ಚುನಾವಣೆ ಘೋಷಣೆಯಾದರೆ ಸಾಕು, ನಮ್ಮ ಕಾಕಾ ಅಲಮಾರಿಯ ಹಿಂದಿನಿಂದ ಬಂದೂಕು ಹೊರಗೆ ತೆಗೆಯುತ್ತಾರೆ. ಜೋಡು ನಳಿಗೆಯದು, ಅವರಪ್ಪನ ಕಾಲದ್ದು. ಖಾಕಿ ಚೀಲದ ಗುಂಡಿಗಳು ಉದುರಿ ಎಷ್ಟೋ ವರ್ಷವಾಯಿತು. ಬಾಯಿಗೆ ಹಳೇ ಧೋತರದ ಅಂಚು ಹರಿದು ಕಟ್ಟಿದ್ದಾರೆ. ಅದನ್ನು ಠಾಣೆಗೆ ಒಯ್ದು ಕೊಡಬೇಕು. ಅಲ್ಲಿ ನಳಿಗೆಗೆ ಸುತಳಿಯಿಂದ ಒಂದು ರಟ್ಟಿನ ಚೀಟಿ ಕಟ್ಟಿ, ನಂಬರ್ ಬರೆದು, ರಶೀದಿ ಕೊಡುತ್ತಾರೆ. ಮತ ಎಣಿಕೆ ಮುಗಿದ ಮೇಲೆ ಅದೇ ರಶೀದಿ ತೋರಿಸಿ ವಾಪಸ್ ತರಬೇಕು.

ಒಮ್ಮೆ ಬೈಕಿನ ಹಿಂದೆ ಕೂತು ಹೋಗುವಾಗ ಕೇಳಿದ್ದೆ. ‘ಕಾಕಾ, ಇದನ್ನ ಎಂದಾದರೂ ಹಾರಿಸೀರೇನ್ರಿ?’

‘ಹಾರ್ಸೀನಲ್ಲೋ. ನಿಮ್ಮಕ್ಕನ ಲಗ್ನದಾಗ. ಎರಡ ಗುಂಡ.’

ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕಿನ ಪೂರ್ತಿ ಸೇವಾ ಚರಿತ್ರೆ ಇಷ್ಟೇ. ಈಗ ಅವರ ಮಗ, ಅಂದರೆ ನನ್ನ ತಮ್ಮನಾಗಬೇಕಾದವನು, ರಿವಾಲ್ವರ್ ಬೇಕು ಎನ್ನುತ್ತಿದ್ದಾನೆ. ಬೀಜ-ಗೊಬ್ಬರದ ಅಂಗಡಿ ಇದೆ. ಸಂಜೆ ಹೊತ್ತು ಕೈಯಲ್ಲಿ ನಗದು ಇರುತ್ತದೆ. ‘ಅಪ್ಪನ ಬಂದೂಕು ಹೆಗಲಿಗೆ ಹಾಕ್ಕೊಂಡು ಬ್ಯಾಂಕಿಗೆ ಹೋಗ್ಲಿಕ್ಕಾಗತದೇನ್ರಿ ಅಣ್ಣಾ?’ ಎಂಬುದು ಅವನ ಪ್ರಶ್ನೆ.

ಈ ಪ್ರಶ್ನೆ ಅವನೊಬ್ಬನದಲ್ಲ. 2025ರ ಜನವರಿ 16ರಂದು ಬೀದರಿನಲ್ಲಿ ಹಾಡಹಗಲೇ, ಜನ ಓಡಾಡುವ ರಸ್ತೆಯಲ್ಲಿ, ಎಟಿಎಂಗೆ ಹಣ ತುಂಬಲು ಹೊರಟಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಖಾರದ ಪುಡಿ ಎರಚಿ ಗುಂಡು ಹಾರಿಸಿದರು. ಹಣದ ಪೆಟ್ಟಿಗೆ ಎತ್ತಿಕೊಂಡು ಹೈದರಾಬಾದ್ ದಾರಿ ಹಿಡಿದರು. ಅಲ್ಲಿಯೂ ಗುಂಡು ಹಾರಿಸಿ ತಪ್ಪಿಸಿಕೊಂಡರು. ಅದೇ ವರ್ಷದ ಜುಲೈನಲ್ಲಿ ಕಲಬುರಗಿಯ ಸರಾಫ್ ಬಜಾರಿನ ಚಿನ್ನದಂಗಡಿಯೊಂದರಲ್ಲಿ ದರೋಡೆಯಾಯಿತು. ಅಲ್ಲಿಂದೀಚೆಗೆ ಚಹಾದಂಗಡಿಯಲ್ಲೂ ಲೈಸೆನ್ಸ್ ಮಾತು. ಒಬ್ಬರು ಸಿಗುವುದೇ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ವಶೀಲಿ ಇದ್ದರೆ ಸಿಗುತ್ತದೆ ಎನ್ನುತ್ತಾರೆ. ಮೂರನೆಯವರು ‘ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ’ ಎಂದು ಮತ್ತಷ್ಟು ಗೋಜಲು ಮಾಡುತ್ತಾರೆ. ಹಾಗಾಗಿ ಸ್ವಲ್ಪ ಹಿಂದಿನಿಂದ ನೋಡೋಣ.

ನಮ್ಮ ಭಾಗದ ಇತಿಹಾಸದಲ್ಲಿ ರಿವಾಲ್ವರ್ ಮೊದಲು ಎದ್ದು ಕಾಣುವುದು ಸುರಪುರದ ಕಥೆಯಲ್ಲಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕ ಸೆರೆ ಸಿಕ್ಕ. ಅವನನ್ನು ಬೇರೆ ಸೆರೆಮನೆಗೆ ಸಾಗಿಸುವಾಗ, ಹೈದರಾಬಾದಿನ ಹತ್ತಿರ, ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಹಾರಿದ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡ ಎಂದು ಬರೆದವನು ಮೆಡೋಸ್ ಟೇಲರ್. ಬಾಲ್ಯದಲ್ಲಿ ರಾಜನನ್ನು ನೋಡಿಕೊಂಡ ಅಧಿಕಾರಿ, ಸುರಪುರದಲ್ಲಿ ಇವತ್ತಿಗೂ ನಿಂತಿರುವ ಟೇಲರ್ ಮಂಜಿಲ್ ಇವನದೇ. ಇಲ್ಲ, ಕೊಂದೇ ಹಾಕಿದರು ಎನ್ನುವವರು ಊರಲ್ಲಿ ಈಗಲೂ ಇದ್ದಾರೆ. ಹೇಗೇ ಸತ್ತಿರಲಿ, ಗುಂಡು ಹಾರಿದ ಆಯುಧ ಕಾವಲುಗಾರನದು.

ಅದಕ್ಕೆ ಸ್ವಲ್ಪ ಮುಂಚೆ, 1857ರಲ್ಲಿ, ಆಯುಧ ಒಪ್ಪಿಸಿ ಎಂದದ್ದಕ್ಕೆ ಮುಧೋಳದ ಕಡೆ ಹಲಗಲಿಯ ಬೇಡರು ತಿರುಗಿಬಿದ್ದಿದ್ದರು. 1878ರಲ್ಲಿ ಬ್ರಿಟಿಷರು ಶಸ್ತ್ರ ಕಾಯ್ದೆ ತಂದರು. ಕಲಬುರಗಿ, ಬೀದರ್ ಆಗ ನಿಜಾಮರ ಸೀಮೆ, ಹಾಗಾಗಿ ಆ ಕಾಯ್ದೆ ನೇರವಾಗಿ ಇಲ್ಲಿಗೆ ಬರಲಿಲ್ಲ. ಇಲ್ಲಿ ಬಂದೂಕು ಇದ್ದದ್ದು ಜಹಗೀರದಾರರ ವಾಡೆಗಳಲ್ಲಿ, ಊರಿನ ಪೊಲೀಸ್ ಪಾಟೀಲರ ಮನೆಯಲ್ಲಿ. ಹುದ್ದೆ ಹೋಯಿತು, ಅಡ್ಡಹೆಸರು ಉಳಿಯಿತು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಪೊಲೀಸ್ ಪಾಟೀಲರು ಮೂರು ಮಂದಿ ಇದ್ದರು.

1947-48ರ ಮಾತು ಬೇರೆ. ನಿಜಾಮರ ಪರ ನಿಂತ ರಜಾಕಾರರ ಪಡೆಯ ಕೈಯಲ್ಲಿ ಬಂದೂಕು, ಹಳ್ಳಿಯವರ ಕೈಯಲ್ಲಿ ಕುಡಗೋಲು, ಬಡಿಗೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಈ ಭಾಗದವರಿಗೆ ಹೇಳಿಕೊಡಬೇಕಾದದ್ದಲ್ಲ. ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ‘ಮನ್ಯಾಗೊಂದು ಬಂದೂಕು ಇರಬೇಕಪಾ’ ಎನ್ನುವ ಹಿರಿಯರ ಮಾತಿನ ಹಿಂದೆ ಆ ದಿನಗಳ ಭಯ ಇದೆ. ಅದನ್ನು ಸುಮ್ನೆ ದೌಲತ್ತು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. 1959ರಲ್ಲಿ ಈಗಿನ ಶಸ್ತ್ರ ಕಾಯ್ದೆ ಬಂತು, 1962ರ ಅಕ್ಟೋಬರಿನಿಂದ ಜಾರಿಯಾಯಿತು. ಇವತ್ತಿನ ಗೊಂದಲದ ಬಹುಪಾಲು ಈ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿದೆ. ಅದನ್ನು ಓದಿದವರು ಕಡಿಮೆ.

ಆ ಸೆಕ್ಷನ್ ಬಂದೂಕುಗಳನ್ನು ಎರಡು ಪಾಲು ಮಾಡುತ್ತದೆ. ಒಂದು, 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ನುಣುಪಾದ ನಳಿಗೆಯ ಬಂದೂಕು. ರಕ್ಷಣೆಗೋ ಕ್ರೀಡೆಗೋ ಅದನ್ನು ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದರೆ, ಕೊಡಬೇಕು. ಬೆಳೆ ಕಾಯಲು ಮದ್ದು ತುಂಬುವ ನಳಿಗೆ ಬಂದೂಕು ಕೇಳಿದರೂ ಅಷ್ಟೇ. ತೊಗರಿ ಹೊಲಕ್ಕೆ ಹಂದಿ ನುಗ್ಗುವ ನಮ್ಮಲ್ಲಿ ಹಳೇ ಲೈಸೆನ್ಸುಗಳು ಹೀಗೆ ಬಂದವು. ಎರಡನೆಯ ಪಾಲು ಉಳಿದದ್ದೆಲ್ಲ. ರಿವಾಲ್ವರ್, ಪಿಸ್ತೂಲು ಇಲ್ಲಿ ಬರುತ್ತವೆ. ಇವಕ್ಕೆ ‘ಸಕಾರಣ’ ಇದೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಅಂದರೆ ಹೆಗಲ ಮೇಲೆ ಎಲ್ಲರಿಗೂ ಕಾಣುವ ಬಂದೂಕಿಗೆ ಕಾನೂನು ಅಷ್ಟು ತಕರಾರು ತೆಗೆಯುವುದಿಲ್ಲ, ಅಂಗಿಯ ಕೆಳಗೆ ಅಡಗುವ ಬಂದೂಕಿಗೆ ಕಾರಣ ಕೇಳುತ್ತದೆ. ಕಾಕಾನಿಗೆ ಸಿಕ್ಕದ್ದು ಅವರ ಮಗನಿಗೆ ಯಾಕೆ ಸುಲಭವಾಗಿ ಸಿಗುವುದಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಇದೇ.

ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದೂ ಇದೇ ಕಾಯ್ದೆ, 14ನೇ ಸೆಕ್ಷನ್ನಿನಲ್ಲಿ, ಹೇಳುತ್ತದೆ. ಓದಲು ಚೆನ್ನಾಗಿದೆ. ನಮ್ಮೂರಲ್ಲಿ ಲೈಸೆನ್ಸ್ ಇರುವವರ ಮನೆಗಳನ್ನು ಬೆರಳಲ್ಲಿ ಎಣಿಸಿದರೆ, ಹತ್ತೆಕರೆಗಿಂತ ಕಡಿಮೆ ಹೊಲ ಇರುವ ಮನೆ ಒಂದೂ ಸಿಗಲಿಲ್ಲ.

1980ರ ದಶಕದ ನಡುವೆ ಖಾಸಗಿಯವರು ವಿದೇಶಿ ಬಂದೂಕು ತರಿಸುವುದಕ್ಕೆ ತಡೆ ಬಿತ್ತು. ಅಜ್ಜನ ಕಾಲದ ವಿಲಾಯ್ತಿ ರಿವಾಲ್ವರಿಗೆ ದಿಢೀರನೆ ಬೆಲೆ ಬಂತು. ಹೊಸದು ಬೇಕೆಂದವರಿಗೆ ಕಾನ್ಪುರದಂಥ ಸರ್ಕಾರಿ ಕಾರ್ಖಾನೆಗಳದೇ ಗತಿಯಾಯಿತು, ಅದೂ ಹೆಚ್ಚಾಗಿ .32 ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಳತೆ). 9 ಎಂಎಂ, .38 ನಿಷೇಧಿತ ಬೋರ್, ಸಾಮಾನ್ಯರಿಗೆ ಇಲ್ಲ. 2014ರಲ್ಲಿ ಹೆಣ್ಣುಮಕ್ಕಳಿಗೆಂದೇ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ಅದೇ ಕಾನ್ಪುರದಿಂದ ಬಂತು. ತೂಕ ಅರ್ಧ ಕಿಲೋ, ಆಗಿನ ಬೆಲೆ ಒಂದು ಲಕ್ಷ 22 ಸಾವಿರ ರೂಪಾಯಿ ಚಿಲ್ಲರೆ. ರಾತ್ರಿ ಪಾಳಿ ಮುಗಿಸಿ ಆಟೊ ಹತ್ತುವ ನರ್ಸ್ ಯಾವ ದುಡ್ಡಿನಲ್ಲಿ ಅದನ್ನು ಕೊಳ್ಳಬೇಕು?

2010ರಲ್ಲಿ ಕೇಂದ್ರ ಗೃಹ ಸಚಿವಾಲಯ ಲೈಸೆನ್ಸ್ ನೀತಿ ಬಿಗಿ ಮಾಡಿತು. 2016ರಲ್ಲಿ ಹೊಸ ನಿಯಮಗಳು ಬಂದವು. ಈಗ ಅರ್ಜಿ ಹಾಕುವವರಿಗೆ 21 ವರ್ಷ ತುಂಬಿರಬೇಕು. ಬಂದೂಕು ಹಿಡಿಯುವ ತರಬೇತಿ, ವೈದ್ಯರ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಬೇಕು. ಪೊಲೀಸ್ ವರದಿ ಬರಬೇಕು. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಕಲಬುರಗಿ ನಗರದೊಳಗಾದರೆ, 2019ರಲ್ಲಿ ಕಮಿಷನರೇಟ್ ಆದ ಮೇಲೆ, ಪೊಲೀಸ್ ಕಮಿಷನರಿಗೆ. ಲೈಸೆನ್ಸಿಗೊಂದು ರಾಷ್ಟ್ರಮಟ್ಟದ ನಂಬರ್ ಕೂಡ ಇರಬೇಕು. ಕಾಕಾ ಆ ನಂಬರಿಗಾಗಿ ಆಧಾರ್ ಕಾರ್ಡ್ ಹಿಡಿದು ತಿರುಗಿದ್ದು ಮೂರು ದಿನ.

ಲೈಸೆನ್ಸ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಸೊಂಟದಲ್ಲಿಟ್ಟುಕೊಂಡು ತಿರುಗಬಹುದಾ? ತಿರುಗಬಹುದು, ಆದರೆ ಕಾಣುವಂತಿಲ್ಲ. ಕೈಬಂದೂಕು ಅದಕ್ಕೆಂದೇ ಮಾಡಿದ ಹೋಲ್‌ಸ್ಟರ್ ಅಥವಾ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು ಎನ್ನುತ್ತದೆ 2016ರ ನಿಯಮ. ಸಾರ್ವಜನಿಕ ಜಾಗದಲ್ಲಿ ತೆಗೆದು ಝಳಪಿಸಿದರೆ ಲೈಸೆನ್ಸೇ ಹೋಗಬಹುದು. ಸಂತೆಯಲ್ಲಿ ಅಂಗಿ ಎತ್ತಿ ಬೆಲ್ಟ್ ಸರಿಮಾಡಿಕೊಳ್ಳುವ ನೆಪದಲ್ಲಿ ಹಿಡಿ ತೋರಿಸುವವರನ್ನು ನೀವೂ ನೋಡಿರಬೇಕಲ್ವಾ? ಅದು ತಪ್ಪು. ಆದರೆ ಅವರು ಬಂದೂಕು ಕೊಂಡದ್ದೇ ಆ ಒಂದು ಕ್ಷಣಕ್ಕೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

2019ರ ಡಿಸೆಂಬರಿನ ತಿದ್ದುಪಡಿ ಮತ್ತೆ ಕೆಲವನ್ನು ಬದಲಿಸಿತು. ಒಬ್ಬರಿಗೆ ಮೂರು ಬಂದೂಕು ಇದ್ದದ್ದು ಎರಡಕ್ಕೆ ಇಳಿಯಿತು. ಸರ್ಕಾರ ಮೊದಲು ಒಂದೇ ಸಾಕು ಎಂದಿತ್ತು, ವಿರೋಧ ಬಂದ ಮೇಲೆ ಎರಡಾಯಿತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಮದುವೆ-ಮೆರವಣಿಗೆಯಲ್ಲಿ ಬೇಕಾಬಿಟ್ಟಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅಕ್ಕನ ಲಗ್ನ 1998ರಲ್ಲಾಯಿತು. ಕಾಕಾ ಬಚಾವ್.

ಕೊಡಗಿನ ಮಾತಿಗೂ ಉತ್ತರ ಇದೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಲಾಗಿದೆ. ಹೈಕೋರ್ಟ್ ಕೂಡ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಆ ನೆಲದ ವಿಶೇಷ, ನಮಗೆ ದಾರಿಯಾಗದು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ಅಮೆರಿಕದಂತೆ ಇಲ್ಲಿ ಬಂದೂಕು ಹೊಂದುವುದು ಮೂಲಭೂತ ಹಕ್ಕಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ಆದರೆ ಆ ಪ್ರಕರಣದಲ್ಲಿ ಕೋರ್ಟಿಗೆ ಚಿಂತೆ ಹತ್ತಿದ್ದು ಲೈಸೆನ್ಸ್ ಇಲ್ಲದ ಬಂದೂಕುಗಳ ಬಗ್ಗೆ. ನಮ್ಮ ಕಡೆಯೂ ಅದೇ ದೊಡ್ಡ ಕಥೆ. ಭೀಮಾ ತೀರ ಎಂದರೆ ಅಫಜಲಪುರದಿಂದ ಇಂಡಿ, ಚಡಚಣದವರೆಗೆ ಎಲ್ಲರಿಗೂ ಮೊದಲು ನೆನಪಾಗುವುದು ಕಂಟ್ರಿ ಪಿಸ್ತೂಲು. ಮಧ್ಯಪ್ರದೇಶದಿಂದ, ಬಿಹಾರದ ಮುಂಗೇರಿನಿಂದ ಕೈಯಿಂದ ಕೈಗೆ ದಾಟಿ ಬರುವ ಮಾಲು ಅದು. ಅದಕ್ಕೆ ಅರ್ಜಿ ಇಲ್ಲ, ತರಬೇತಿ ಇಲ್ಲ, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸುವ ಗೋಜೂ ಇಲ್ಲ. ಚುನಾವಣೆ ಹೊತ್ತಿಗೆ ಸುತಳಿ ಕಟ್ಟಿಸಿಕೊಂಡು ಕೂರುವುದು ಕಾಕಾನ ಬಂದೂಕು ಮಾತ್ರ.

ತಮ್ಮನಿಗೆ ಇನ್ನೊಂದನ್ನು ಹೇಳಿದೆ. ಬಂದೂಕು ಕೈಯಲ್ಲಿದ್ದರೂ ಯಾವಾಗ ಹಾರಿಸಬಹುದು ಎಂಬುದಕ್ಕೆ ಬೇರೆ ಕಾನೂನಿದೆ. ಮೊದಲು ಭಾರತೀಯ ದಂಡಸಂಹಿತೆಯ 96ರಿಂದ 106, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಪೊಲೀಸರನ್ನು ಕರೆಯಲು ಹೊತ್ತಿದ್ದರೆ ಈ ಹಕ್ಕಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಮೈಮೇಲೆ ಬಂದ ದರೋಡೆಕೋರನ ಎದುರು ಹಾರಿಸಿದರೆ ಒಂದು ಲೆಕ್ಕ, ಚೀಲ ಕಸಿದು ಓಡುವವನ ಬೆನ್ನಿಗೆ ಹಾರಿಸಿದರೆ ಇನ್ನೊಂದು. ಎರಡನೆಯದರಲ್ಲಿ ಕೋರ್ಟಿನ ಕಟಕಟೆಯಲ್ಲಿ ನಿಲ್ಲುವವನು ನೀನೇ.

‘ಮತ್ತ ಖಾರದ ಪುಡಿ ಕಣ್ಣಿಗೆ ಬಿದ್ದ ಮ್ಯಾಲೆ ಇದನ್ನೆಲ್ಲ ವಿಚಾರ ಮಾಡ್ಲಿಕ್ಕಾಗತದೇನ್ರಿ?’ ಎಂದ.

ಆಗುವುದಿಲ್ಲ. ಸೊಂಟದಿಂದ ರಿವಾಲ್ವರ್ ತೆಗೆಯಲಿಕ್ಕೂ ಆಗುವುದಿಲ್ಲ ಎಂದೆ. ಅವನು ಒಪ್ಪಲಿಲ್ಲ, ಬಿಡಲೂ ಇಲ್ಲ. ಅರ್ಜಿ ನಮೂನೆ ಪ್ರಿಂಟ್ ತೆಗೆಸಿದ್ದಾನೆ. ಹೆಸರು, ವಿಳಾಸ, ಹುಟ್ಟಿದ ತಾರೀಕು ತುಂಬಿದ್ದಾನೆ. ಯಾತಕ್ಕೆ ಬೇಕು ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ. ಯಾರೂ ಬೆದರಿಸಿಲ್ಲ, ಯಾರೂ ಹಿಂಬಾಲಿಸಿಲ್ಲ, ಹೆದರಿಕೆ ಮಾತ್ರ ಇದೆ. ನಮೂನೆ ಈಗ ಗಲ್ಲಾಪೆಟ್ಟಿಗೆಯ ಕೆಳಗೆ ಯೂರಿಯಾ ಬಿಲ್ಲುಗಳ ಜೊತೆ ಇದೆ. ಗಲ್ಲಾದಲ್ಲಿ ನಗದೂ ಕಡಿಮೆಯಾಗಿದೆ. ಮೊನ್ನೆ ಹೋದಾಗ ಇಪ್ಪತ್ತು ನಿಮಿಷ ಕೂತಿದ್ದೆ. ಬಂದವರೆಲ್ಲ ಗೋಡೆಯ ಮೇಲಿನ ಕ್ಯೂಆರ್ ಕೋಡಿಗೆ ಫೋನ್ ಹಿಡಿದು ಹೋದರು.