ಮುಳ್ಳು ಮುಟ್ಟದ ಗಡಿಯಾರ

ಚಾಮರಾಜಪೇಟೆಯ ನಮ್ಮ ಹಳೇ ಮನೆಯಲ್ಲಿ ಕೀ ಕೊಡುವ ಗೋಡೆ ಗಡಿಯಾರ ಒಂದಿತ್ತು. ಅದು ಸದಾ ಸ್ವಲ್ಪ ಜಾಸ್ತಿ ಓಡುತ್ತಿತ್ತು. ಚಿಕ್ಕಪ್ಪ ರೇಡಿಯೋದ ಬೀಪ್ ಕೇಳಿ, ಎಷ್ಟು ಮುಂದಿದೆ ಅಂತ ಲೆಕ್ಕ ಇಟ್ಟುಕೊಳ್ಳುತ್ತಿದ್ದರು. ಅಜ್ಜಿಗೆ ಮಿಲ್ಲಿನ ಸೈರನ್ನೇ ಸರಿ. ರೇಡಿಯೋಗೂ ಸೈರನ್ನಿಗೂ ಎರಡು ನಿಮಿಷದ ವ್ಯತ್ಯಾಸ. ಹಾಗಾಗಿ ಒಂದೇ ಗಡಿಯಾರ ನೋಡಿ ಚಿಕ್ಕಪ್ಪ ಹತ್ತು ನಿಮಿಷ ಕಳೆದರೆ ಅಜ್ಜಿ ಎಂಟು ಕಳೆಯುತ್ತಿದ್ದರು. ನಾನು ಸ್ಟೂಲು ಎಳೆದರೆ ಸಾಕು, "ಮುಳ್ಳು ಮುಟ್ಟಬೇಡ ಕಣೋ, ಎಲ್ಲರ ಲೆಕ್ಕಾನೂ ತಪ್ಪುತ್ತೆ" ಅಂತ ಅಜ್ಜಿ ಗದರುತ್ತಿದ್ದರು.

ಎಷ್ಟೋ ವರ್ಷದ ಮೇಲೆ, ನೆಟ್‌ವರ್ಕ್ ಗಡಿಯಾರಗಳ ಜೊತೆ ಕೆಲಸ ಮಾಡುವಾಗ, ಅದೇ ಮಾತನ್ನು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನಲ್ಲಿ ಕಂಡೆ.

ಕಂಪ್ಯೂಟರಿನ ಒಳಗಿನ ಗಡಿಯಾರ ಅಂದರೆ ಒಂದು ಚಿಕ್ಕ ಕ್ವಾರ್ಟ್ಜ್ ಹರಳು. ಅದು ಸೆಕೆಂಡಿಗೆ ಇಷ್ಟು ಸಲ ಅಂತ ಅದುರುತ್ತದೆ. ಅದುರಿದ್ದನ್ನು ಎಣಿಸಿದರೆ ಸಮಯ ಸಿಗುತ್ತದೆ. ಹತ್ತು ಲಕ್ಷಕ್ಕೆ 20 ಎಣಿಕೆ ತಪ್ಪುವ ಹರಳು ದಿನಕ್ಕೆ ಸುಮಾರು 1.7 ಸೆಕೆಂಡು ತಪ್ಪುತ್ತದೆ. ಬಿಸಿಯಾದರೂ ತಣ್ಣಗಾದರೂ ಅದರ ವೇಗ ಬದಲಾಗುತ್ತದೆ. ನನ್ನ ಮೇಜಿನ ಮೇಲಿದ್ದ ಬೋರ್ಡಿಗೆ ಫ್ಯಾನಿನ ಗಾಳಿ ತಾಗಿದರೆ, ಅದರ ಗಡಿಯಾರ ಎಷ್ಟು ತಪ್ಪುತ್ತಿದೆ ಅಂತ ಪರದೆಯ ಮೇಲೆ ತೋರಿಸುವ ಗೆರೆ ನಿಧಾನಕ್ಕೆ ಬಾಗುತ್ತಿತ್ತು. ಅದನ್ನು ಮೊದಲ ಸಲ ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ.

ಹೀಗೆ ತಪ್ಪುವ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಲು ಎನ್‌ಟಿಪಿ (ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್) ಅನ್ನುವ ಪದ್ಧತಿ 1985ರಿಂದಲೂ ಇದೆ. ಇಂಟರ್ನೆಟ್ ಮೇಲೆ ಅದು ಮಿಲಿಸೆಕೆಂಡುಗಳ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ನಮ್ಮ ನಿಮ್ಮ ಫೋನಿಗೆ ಅಷ್ಟು ಸಾಕು. ಆದರೆ ಪಕ್ಕಪಕ್ಕದ 5ಜಿ ಟವರುಗಳು ಒಂದೇ ತರಂಗಾಂತರದಲ್ಲಿ ಸರದಿಯ ಮೇಲೆ ಕಳಿಸಿ ಕೇಳಬೇಕಾದರೆ, ಅವುಗಳ ಸಮಯ ಮೂರು ಮೈಕ್ರೋಸೆಕೆಂಡಿಗಿಂತ (ಸೆಕೆಂಡಿನ ಹತ್ತು ಲಕ್ಷದ ಮೂರು ಭಾಗಕ್ಕಿಂತ) ಹೆಚ್ಚು ದೂರವಾಗಬಾರದು. ಅಂಥ ಕಡೆ ಬರುವುದು ಪಿಟಿಪಿ (ಪ್ರಿಸಿಷನ್ ಟೈಮ್ ಪ್ರೋಟೋಕಾಲ್). 2002ರಲ್ಲಿ ಐಇಇಇ ಅನ್ನುವ ಎಂಜಿನಿಯರುಗಳ ಸಂಸ್ಥೆಯಿಂದ ಐಇಇಇ 1588 ಅನ್ನುವ ಹೆಸರಿನಲ್ಲಿ ಬಂದ ಮಾನದಂಡ ಇದು.

ಇದರ ಲೆಕ್ಕ ಬೆಂಗಳೂರಿನವರಿಗೆ ಬೇಗ ಅರ್ಥವಾಗುತ್ತದೆ. ಮೆಜೆಸ್ಟಿಕ್‌ನಲ್ಲಿ ಒಂದು ಗಡಿಯಾರ, ವೈಟ್‌ಫೀಲ್ಡ್‌ನಲ್ಲಿ ಒಂದು. ನೀವು ಮೆಜೆಸ್ಟಿಕ್ ಗಡಿಯಾರದಲ್ಲಿ 9:00ಕ್ಕೆ ಹೊರಟಿರಿ. ತಲುಪಿದಾಗ ವೈಟ್‌ಫೀಲ್ಡ್ ಗಡಿಯಾರ 10:12 ತೋರಿಸಿತು. ಅಲ್ಲಿ 10:20ಕ್ಕೆ ಬಸ್ ಹತ್ತಿ ವಾಪಸ್ ಬಂದಾಗ ಮೆಜೆಸ್ಟಿಕ್‌ನಲ್ಲಿ 11:08. ಹೋಗಲು 72 ನಿಮಿಷ, ಬರಲು 48. ಎರಡೂ ಕಡೆಯ ಪ್ರಯಾಣ ಸಮ ಅಂತ ಹಿಡಿದರೆ, ದಾರಿಗೆ 60 ನಿಮಿಷ, ವೈಟ್‌ಫೀಲ್ಡ್ ಗಡಿಯಾರ 12 ನಿಮಿಷ ಮುಂದೆ. ಪಿಟಿಪಿ ಪ್ಯಾಕೆಟ್ಟುಗಳು, ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ಚಿಕ್ಕ ಕಟ್ಟುಗಳು, ಮಾಡುವುದು ಇಷ್ಟೇ: ನಾಲ್ಕು ಸಮಯ ಬರೆದುಕೊಂಡು ಕೂಡಿ ಕಳೆಯುವುದು.

ಆದರೆ ಬೆಳಗ್ಗೆ ವೈಟ್‌ಫೀಲ್ಡ್ ಕಡೆಯ ಟ್ರಾಫಿಕ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಅಲ್ವಾ? ಹೋಗಲು ನಿಜವಾಗಿಯೂ 72 ನಿಮಿಷ ಹಿಡಿದಿದ್ದರೆ ಎರಡೂ ಗಡಿಯಾರ ಸರಿಯಾಗಿಯೇ ಇದ್ದವು. ನಾವು ಸುಮ್ನೆ 12 ನಿಮಿಷ ಕೆಡಿಸಿದೆವು! ನಾಲ್ಕು ಅಂಕಿಗಳನ್ನು ಎಷ್ಟು ತಿರುವಿ ನೋಡಿದರೂ ಈ ಎರಡರಲ್ಲಿ ಯಾವುದು ನಿಜ ಅಂತ ಹೇಳಲು ಬರುವುದಿಲ್ಲ. ಅದಕ್ಕೇ ದಾರಿಯ ನಡುವೆ ಪ್ಯಾಕೆಟ್ಟುಗಳನ್ನು ಮುಂದಕ್ಕೆ ಕಳಿಸುವ, ಪಿಟಿಪಿ ತಿಳಿದ ಸ್ವಿಚ್ಚುಗಳು, ಒಂದು ಪ್ಯಾಕೆಟ್ ತಮ್ಮ ಸರದಿಯಲ್ಲಿ ಎಷ್ಟು ಹೊತ್ತು ಕಾಯಿತು ಅಂತ ಅಳೆದು ಪ್ಯಾಕೆಟ್ಟಿನಲ್ಲೇ ಬರೆದು ಕಳಿಸುತ್ತವೆ. ಸಿಗ್ನಲ್ಲಿನಲ್ಲಿ ನಿಂತ ಸಮಯವನ್ನು ಟಿಕೆಟ್ಟಿನ ಮೇಲೆ ಬರೆದುಕೊಟ್ಟ ಹಾಗೆ.

ಇನ್ನೊಂದು ತೊಡಕು ಕಂಪ್ಯೂಟರಿನ ಒಳಗೇ ಇದೆ. ಪ್ಯಾಕೆಟ್ ಬಂದಿದ್ದು ಒಂದು ಕ್ಷಣ, ಪ್ರೊಸೆಸರ್ ಅದನ್ನು ಗಮನಿಸುವುದು ಇನ್ನೊಂದು ಕ್ಷಣ. ನಡುವೆ ಎಷ್ಟು ಹೊತ್ತು ಅನ್ನುವುದು ಪ್ರತಿ ಸಲ ಬದಲಾಗುತ್ತದೆ. ಹಾಗಾಗಿ ನೆಟ್‌ವರ್ಕ್ ಕಾರ್ಡಿನಲ್ಲೇ ಒಂದು ಗಡಿಯಾರ ಕೂರಿಸುತ್ತಾರೆ. ಪ್ಯಾಕೆಟ್ ಬಾಗಿಲು ದಾಟುವಾಗಲೇ ಮುದ್ರೆ ಬೀಳುತ್ತದೆ. ಇದೇ ಹಾರ್ಡ್‌ವೇರ್ ಗಡಿಯಾರ. ಇದರಿಂದ ನ್ಯಾನೋಸೆಕೆಂಡುಗಳ (ಸೆಕೆಂಡಿನ ನೂರು ಕೋಟಿಯ ಒಂದೊಂದು ಭಾಗದ) ಲೆಕ್ಕಕ್ಕೆ ಇಳಿಯಬಹುದು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗುವುದು ಮಕ್ಕಳ ಒಂದಡಿ ಸ್ಕೇಲಿನಷ್ಟು ದೂರ ಮಾತ್ರ.

ಈಗ ಅಜ್ಜಿ ಚಿಕ್ಕಪ್ಪನ ಸಮಸ್ಯೆಗೆ ಬರೋಣ. ಪೀಣ್ಯದ ಒಂದು ಕಾರ್ಖಾನೆ ಅಂದುಕೊಳ್ಳಿ. ಯಂತ್ರಗಳ ಮೋಟಾರುಗಳು ಒಟ್ಟಿಗೆ ತಿರುಗಲು ಒಂದು ಕೆಲಸದ ಸಮಯ ಬೇಕು. ಅದು ಲೋಕದ ಸಮಯಕ್ಕೆ ಹೊಂದದಿದ್ದರೂ ಪರವಾಗಿಲ್ಲ, ಎಂದೂ ಜಿಗಿಯಬಾರದು ಅಷ್ಟೇ. ಏನಾಯಿತು, ಯಾವಾಗ ಆಯಿತು ಅಂತ ದಾಖಲಿಸಲು ಮಾತ್ರ ಲೋಕದ ಸಮಯ ಬೇಕು. ಅದನ್ನು ಉಪಗ್ರಹದಿಂದ ತರಬಹುದು. ದಾರಿ ತೋರುವ ನಮ್ಮ ದೇಶದ ನಾವಿಕ್ ಉಪಗ್ರಹಗಳಿಗೆ ಸಮಯದ ಆಧಾರ ಕೊಡುವ ಪರಮಾಣು ಗಡಿಯಾರಗಳು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲೇ ಇವೆ. ಬೇಕಾಗಿರುವುದು ಎರಡು ಸಮಯ, ಕಾರ್ಡಿನಲ್ಲಿರುವುದು ಒಂದೇ ಗಡಿಯಾರ. ಒಂದಕ್ಕೆ ತಿರುಗಿಸಿದರೆ ಇನ್ನೊಂದು ಕೆಡುತ್ತದೆ.

2021ರಲ್ಲಿ ಲಿನಕ್ಸ್ 5.14 ಇದಕ್ಕೆ ಕೊಟ್ಟ ಉತ್ತರ ವರ್ಚುವಲ್ ಗಡಿಯಾರ. ಕಾರ್ಡಿನ ಗಡಿಯಾರವನ್ನು ಅದರ ಪಾಡಿಗೆ ಓಡಲು ಬಿಡುತ್ತಾರೆ. ಅದರ ಮೇಲೆ ಬೇಕಾದಷ್ಟು ಲೆಕ್ಕದ ಪುಸ್ತಕಗಳನ್ನು ತೆರೆಯಬಹುದು. ಪ್ರತಿಯೊಂದರಲ್ಲೂ ಎಷ್ಟು ಕೂಡಬೇಕು, ಎಷ್ಟರಿಂದ ಗುಣಿಸಬೇಕು ಅನ್ನುವುದು ಬೇರೆ ಬೇರೆ. ಕೂಡುವುದು ಹಿಂದೆ ಮುಂದೆ ಇರುವುದನ್ನು ಸರಿಪಡಿಸುತ್ತದೆ, ಗುಣಿಸುವುದು ವೇಗವನ್ನು. ಅಜ್ಜಿಯ ಲೆಕ್ಕದಲ್ಲಿ ಬರೀ ಕಳೆಯುವುದಿತ್ತು, ಇಲ್ಲಿ ಗುಣಾಕಾರವೂ ಸೇರಿತು. ವರ್ಚುವಲ್ ಗಡಿಯಾರ ಬಳಕೆಯಲ್ಲಿರುವಾಗ ಯಾವುದಾದರೂ ಪ್ರೋಗ್ರಾಂ ಅಸಲಿ ಗಡಿಯಾರವನ್ನು ತಿದ್ದಲು ಹೋದರೆ ಕರ್ನೆಲ್ ಬಿಡುವುದಿಲ್ಲ. ಅದನ್ನು ಓದಿದ ದಿನ ನನಗೆ ಅಜ್ಜಿಯ ದನಿಯೇ ಕೇಳಿಸಿತು.

ನನಗೆ ಈ ಪರಿಹಾರ ತುಂಬಾ ಇಷ್ಟ. ಇದಕ್ಕೆ ಹೊಸ ಹರಳೂ ಬೇಡ, ಹೊಸ ಕಾರ್ಡೂ ಬೇಡ. ಆದರೂ ಇದಕ್ಕೊಂದು ಮಿತಿ ಇದೆ, ಅದನ್ನು ಮರೆತರೆ ಕಷ್ಟ. ಕೆಲವು ಕಾರ್ಡುಗಳು ಸೆಕೆಂಡಿಗೊಮ್ಮೆ ತಂತಿಯ ಮೇಲೆ ಒಂದು ಮಿಡಿತ ಕಳಿಸಬಲ್ಲವು. ಇಂಥ ಹೊತ್ತಿಗೇ ಪ್ಯಾಕೆಟ್ ಬಿಡು ಅಂದರೆ ಬಿಡಬಲ್ಲವು. ಆ ಕೆಲಸ ಮಾಡುವುದು ಕಾರ್ಡಿನ ಹಾರ್ಡ್‌ವೇರ್. ಅದು ನೋಡುವುದು ಅಸಲಿ ಗಡಿಯಾರವನ್ನೇ, ಲೆಕ್ಕದ ಪುಸ್ತಕವನ್ನಲ್ಲ.

ನಮ್ಮ ಗೋಡೆ ಗಡಿಯಾರ ಗಂಟೆಯನ್ನೂ ಹೊಡೆಯುತ್ತಿತ್ತು. ಚಿಕ್ಕಪ್ಪ ಹತ್ತು ಕಳೆಯಲಿ, ಅಜ್ಜಿ ಎಂಟು ಕಳೆಯಲಿ, ಅದು ಬಾರಿಸುತ್ತಿದ್ದದ್ದು ತನ್ನ ಮುಳ್ಳು ಹನ್ನೆರಡಕ್ಕೆ ಬಂದಾಗಲೇ.