ದೋಣಿ ಹತ್ತದೆ ಬಂದ ವಿಯೆಟ್ನಾಮಿಗಳು

ದೇಶ ಬಿಟ್ಟ ವಿಯೆಟ್ನಾಮಿಗಳು ಎಂದೊಡನೆ ನೆನಪಾಗುವುದು 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಉತ್ತರದ ಕಮ್ಯುನಿಸ್ಟರ ಕೈಗೆ ಬಿದ್ದ ಮೇಲೆ ದೋಣಿ ಹತ್ತಿ ಕಡಲಿಗಿಳಿದವರು. ಬರ್ಲಿನ್ ನಗರದ ಪೂರ್ವಭಾಗದಲ್ಲಿರುವ ದೊಂಗ್ ಸುವಾನ್ ಸಗಟು ಮಾರುಕಟ್ಟೆಯ ಕಥೆ ಬೇರೆ. ಉದ್ದುದ್ದ ಶೆಡ್ಡುಗಳಲ್ಲಿ ಬಟ್ಟೆ, ಪ್ಲಾಸ್ಟಿಕ್ ಹೂವು, ಉಗುರುಬಣ್ಣ, ಅಕ್ಕಿ ಶಾವಿಗೆ ಮಾರುವ ಈ ಸಮುದಾಯದ ಹಿರಿಯರಲ್ಲಿ ಬಹಳಷ್ಟು ಮಂದಿ ಬಂದದ್ದು ವಿಮಾನದಲ್ಲಿ. ಕಳಿಸಿದ್ದು ಅವರದೇ ಸರ್ಕಾರ.

ಆಗ ಬೇರೆಯೇ ದೇಶವಾಗಿದ್ದ ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಕಾರ್ಖಾನೆಗಳಿಗೆ ಆಳು ಸಾಲುತ್ತಿರಲಿಲ್ಲ. ಯುದ್ಧದಿಂದ ಬಸವಳಿದ ವಿಯೆಟ್ನಾಮಿನಲ್ಲಿ ಆಳಿಗೆ ಕೆಲಸವಿರಲಿಲ್ಲ. 1980ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಐದು ವರ್ಷದ ಕರಾರು, ಕಾರ್ಖಾನೆಯ ಹಾಸ್ಟೆಲಿನಲ್ಲಿ ವಾಸ. ‘ತಾಯ್ನಾಡು ಕಟ್ಟಲು’ ಎಂದು ಸಂಬಳದಲ್ಲಿ ಶೇ 12ರಷ್ಟು ಮುರಿದುಕೊಳ್ಳುತ್ತಿದ್ದರು. ಹೆಣ್ಣುಮಗಳು ಬಸುರಿಯಾದರೆ ಗರ್ಭ ತೆಗೆಸಬೇಕು, ಇಲ್ಲವೇ ಊರಿಗೆ ಮರಳಬೇಕು; 1989ರ ತನಕ ಇದೇ ನಿಯಮ. ಇದನ್ನು ಸಮಾಜವಾದಿ ಭ್ರಾತೃತ್ವ ಎಂದು ಕರೆಯುತ್ತಿದ್ದರು ಎಂಬುದೇ ವಿಚಿತ್ರ.

ಪಾಳಿ ಮುಗಿಸಿ ಬಂದವರು ಹಾಸ್ಟೆಲ್ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು. ಅಂಗಡಿಯಲ್ಲಿ ಸಿಗದ ಜೀನ್ಸ್ ಅಲ್ಲಿ ರಾತ್ರೋರಾತ್ರಿ ತಯಾರಾಗುತ್ತಿತ್ತು. ಅಳತೆ ಕೊಟ್ಟು ಹೊಲಿಸಿಕೊಳ್ಳಲು ಜರ್ಮನ್ನರೇ ಬರುತ್ತಿದ್ದರು. ಆ ದುಡ್ಡು ಮೊಪೆಡ್, ಸೈಕಲ್, ಸಕ್ಕರೆಯಾಗಿ ಮರದ ಪೆಟ್ಟಿಗೆಗಳಲ್ಲಿ ಊರು ಸೇರುತ್ತಿತ್ತು.

1989ರಲ್ಲಿ ಬರ್ಲಿನ್ ಗೋಡೆ ಉರುಳಿದಾಗ ಪೂರ್ವ ಜರ್ಮನಿಯಲ್ಲಿ ಸುಮಾರು 60,000 ವಿಯೆಟ್ನಾಮಿಗಳಿದ್ದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 3,000 ಮಾರ್ಕ್ ಮತ್ತು ವಿಮಾನದ ಟಿಕೆಟ್ ಪಡೆದು ಬಹುಪಾಲು ಜನ ಹೊರಟರು. ಉಳಿದವರಿಗೆ ಕೆಲಸವೂ ಇಲ್ಲ, ಹಾಸ್ಟೆಲೂ ಇಲ್ಲ. ಹೂವು, ತರಕಾರಿ, ಅಗ್ಗದ ಬಟ್ಟೆ ಮಾರಿದರು. ಕೆಲವರು ಕಳ್ಳ ಸಿಗರೇಟು ಮಾರಿದರು. 1992ರ ಆಗಸ್ಟ್‌ನಲ್ಲಿ ರೋಸ್ಟಾಕ್ ನಗರದಲ್ಲಿ ಅವರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಇಟ್ಟಾಗ ಕೆಳಗೆ ನಿಂತ ಜನ ಚಪ್ಪಾಳೆ ತಟ್ಟಿದರು. ಒಳಗಿದ್ದ ನೂರಕ್ಕೂ ಹೆಚ್ಚು ಮಂದಿ ಚಾವಣಿ ಹತ್ತಿ ಪಾರಾದರು. ಉಳಿದುಕೊಳ್ಳುವ ಹಕ್ಕಿನ ದಾರಿ ತೆರೆದದ್ದು ಮರುವರ್ಷ.

ದೋಣಿಯವರೂ ಜರ್ಮನಿಗೆ ಬಂದಿದ್ದರು, ಆದರೆ ಪಶ್ಚಿಮ ಭಾಗಕ್ಕೆ. 1979ರಿಂದ ‘ಕಾಪ್ ಅನಮೂರ್’ ಹಡಗು ದಕ್ಷಿಣ ಚೀನಾ ಸಮುದ್ರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ನಿರಾಶ್ರಿತರೆಂದು ಗುರುತಿಸಿದ್ದರಿಂದ ಅವರಿಗೆ ಭಾಷೆಯ ತರಗತಿಯೂ ನೆಲೆಯೂ ಸಿಕ್ಕವು. ಜರ್ಮನಿ ಒಂದಾದ ಮೇಲೂ ಈ ಎರಡು ಗುಂಪುಗಳು ಸುಲಭವಾಗಿ ಬೆರೆಯಲಿಲ್ಲ. ದೋಣಿಯವರ ಸಭೆಯಲ್ಲಿ ಇಂದಿಗೂ ಹಾರುವುದು ಹಳದಿ ಮೈಮೇಲೆ ಮೂರು ಕೆಂಪು ಪಟ್ಟಿಯ ಹಳೆಯ ದಕ್ಷಿಣ ವಿಯೆಟ್ನಾಮಿನ ಬಾವುಟ. ಕರಾರಿನವರಲ್ಲಿ ಹೆಚ್ಚಿನವರು ಉತ್ತರದವರು.

ದೊಂಗ್ ಸುವಾನ್ ಎಂಬುದು ಹನೋಯಿಯ ಹಳೆಯ ಮಾರುಕಟ್ಟೆಯ ಹೆಸರು. ಬರ್ಲಿನ್ನಿನಲ್ಲಿ ಅದು ತಲೆ ಎತ್ತಿರುವ ಜಾಗದಲ್ಲಿ ಹಿಂದೆ ಇದ್ದದ್ದು ಪೂರ್ವ ಜರ್ಮನಿಯ ಒಂದು ಸರ್ಕಾರಿ ಕಾರ್ಖಾನೆ.