ಮೂರನೆಯ ಸಿಮ್ ಎಲ್ಲಿದೆ, ಕಾಕಾ?

ಕಳೆದ ಬೇಸಿಗೆಯಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಮೂರು ನಂಬರ್‌ಗಳನ್ನು ಚೀಟಿಯಲ್ಲಿ ಬರೆದುಕೊಂಡು ವಿಜಯಪುರದ ನನ್ನ ಅಂಗಡಿಗೆ ಬಂದರು. "ಮೂರನ್ನೂ ಪೋರ್ಟ್ ಮಾಡಿಬಿಡು ತಮ್ಮಾ, ರೀಚಾರ್ಜ್ ದುಡ್ಡು ಉಳಿಯುತ್ತದೆ" ಎಂದರು. ಪೋರ್ಟ್ ಎಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸುವುದು. ಒಂದು ಅವರದು, ಇನ್ನೊಂದು ಮಗನದು. ಮೂರನೆಯದು ಎಲ್ಲಿದೆ ಎಂದು ಕೇಳಿದಾಗ, "ಅದು ಬೋರ್‌ವೆಲ್ ಸ್ಟಾರ್ಟರ್ ಒಳಗಿದೆ" ಎಂದರು.

ನಾನು ಪೆನ್ನು ಕೆಳಗಿಟ್ಟೆ. ಮನೆಯಲ್ಲೇ ಕುಳಿತು ಕರೆ ಮಾಡಿ ಮೋಟಾರು ಚಾಲೂ ಮಾಡುವ ಹಳೆಯ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಬಹಳಷ್ಟು 2ಜಿ ಎಂಬ ಹಳೆಯ ಜಾಲದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜಿಯೋ 2016ರಲ್ಲಿ ಶುರುವಾದಾಗಿನಿಂದ 2ಜಿ ಇಟ್ಟುಕೊಂಡೇ ಇಲ್ಲ, ಹಾಗಾಗಿ ಅದರ ಸಿಮ್ ಹಾಕಿದರೆ ಇಂಥ ಸ್ಟಾರ್ಟರ್ ಕೆಲಸ ಮಾಡುವುದಿಲ್ಲ. ಏರ್‌ಟೆಲ್, ವಿಐ (ವೊಡಾಫೋನ್ ಐಡಿಯಾ), ಬಿಎಸ್‌ಎನ್‌ಎಲ್‌ಗಳಲ್ಲಿ ಅದು ಇನ್ನೂ ಇದೆ. ಅಜ್ಜ, ಅಜ್ಜಿಯರ ಕೈಯಲ್ಲಿರುವ ಸಾದಾ ಕೀಪ್ಯಾಡ್ ಫೋನಿಗೂ ಇದೇ ಮಾತು ಅನ್ವಯಿಸುತ್ತದೆ. ಇದನ್ನು ವಿಚಾರಿಸದೆ ಪೋರ್ಟ್ ಮಾಡಿದರೆ 90 ದಿನ ಮತ್ತೊಂದು ಕಂಪನಿಗೆ ಹೋಗುವಂತಿಲ್ಲ. ಬೇಸಿಗೆಯಲ್ಲಿ 90 ದಿನ ಎಂದರೆ ದ್ರಾಕ್ಷಿ ತೋಟಕ್ಕೆ ಏನಾಗುತ್ತದೆ ಎಂದು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ.

2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ "ಯಾವುದು ಅಗ್ಗ?" ಎಂಬ ಪ್ರಶ್ನೆ ದಿನವೂ ಕೇಳಿಬರುತ್ತಿದೆ. ಅದಕ್ಕೆ ಉತ್ತರ ಹೇಳುವ ಮೊದಲು ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪೋರ್ಟ್ ಮಾಡಿಸಿದರೆ ನಮಗೆ ಕಮಿಷನ್ ಸಿಗುತ್ತದೆ, ಇದ್ದಲ್ಲೇ ಇರಿ ಎಂದರೆ ಏನೂ ಸಿಗುವುದಿಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡೇ ಅಂಗಡಿಯವರ ಸಲಹೆ ಕೇಳಿ.

ದರವನ್ನು ತಿಂಗಳಿಗೆ ಲೆಕ್ಕ ಹಾಕಬೇಡಿ, ವರ್ಷಕ್ಕೆ ಹಾಕಿ. 200 ರೂಪಾಯಿಯ 28 ದಿನದ ಪ್ಯಾಕನ್ನು ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು, ಅಂದರೆ 2,400 ಅಲ್ಲ, 2,600 ರೂಪಾಯಿ. ಇಂಟರ್ನೆಟ್ಟೇ ಬೇಡದವರು ಕಂಪನಿ ಬದಲಿಸುವ ಮೊದಲು ಪ್ಯಾಕ್ ಬದಲಿಸಿ ನೋಡಬೇಕು. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್‌ಗಳನ್ನೂ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು, ಅವುಗಳ ಅವಧಿ 365 ದಿನದವರೆಗೂ ಇರಬಹುದು. ನಾವು ಅಂಗಡಿಯವರು ಇವುಗಳನ್ನು ನಾವಾಗಿ ಹೇಳುವುದು ಕಡಿಮೆ. ನೀವೇ ಬಾಯಿಬಿಟ್ಟು ಕೇಳಬೇಕು.

ಇನ್ನು ಸಿಗ್ನಲ್. ಊರಲ್ಲಿ ಟವರ್ ಕಾಣುತ್ತದೆ ಎಂದರೆ ಅದರಲ್ಲಿ ನಿಮ್ಮ ಕಂಪನಿಯ ಆಂಟೆನಾ ಇದೆ ಎಂದೇನೂ ಅರ್ಥವಲ್ಲ. ಒಂದೇ ಟವರನ್ನು ಹಲವು ಕಂಪನಿಗಳು ಹಂಚಿಕೊಳ್ಳುತ್ತವೆ, ಕೆಲವು ಟವರ್‌ಗಳಲ್ಲಿ ಒಂದೇ ಕಂಪನಿ ಇರುತ್ತದೆ. ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ, ಕಲ್ಲಿನ ಹಳೆಯ ಮನೆಗಳಲ್ಲಿ, ಅಂಗಳದಲ್ಲಿ ನಾಲ್ಕು ಗೆರೆ ತೋರಿಸುವ ಫೋನು ಒಳಗೆ ಹೋದ ಕೂಡಲೇ ಸುಮ್ಮನಾಗುತ್ತದೆ. 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ಗೋಡೆ ದಾಟುವಷ್ಟು ಸುಲಭವಾಗಿ 2100ರಂಥ ಮೇಲಿನವು ದಾಟುವುದಿಲ್ಲ. ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಂತೂ ಒಂದು ಗುಡ್ಡ ಅಡ್ಡ ಬಂದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಿವೆ, ಅದನ್ನು ಮೊದಲ ಜರಡಿಯಾಗಿ ಬಳಸಿ, ಆದರೆ ಅಲ್ಲಿಗೇ ನಿಲ್ಲಬೇಡಿ.

ನನ್ನ ಕ್ರಮ ಇಷ್ಟೇ. ಹೋಗಬೇಕೆಂದಿರುವ ಕಂಪನಿಯ ಒಂದು ಹೊಸ ಸಿಮ್ ಪಡೆದು, ಫೋನಿನ ಎರಡನೆಯ ಸಿಮ್ ಜಾಗದಲ್ಲಿ ಒಂದು ತಿಂಗಳು ಇಡಿ. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್ ಇರಬಹುದು, ಹೆದರಬೇಕಿಲ್ಲ. ಮಲಗುವ ಕೋಣೆಯಿಂದ, ಹೊಲದಿಂದ, ಸಂತೆಯ ದಿನ ಪೇಟೆಯಿಂದ ಕರೆ ಮಾಡಿ. ರಾತ್ರಿ ಎಂಟರ ಮೇಲೆ ಎಲ್ಲರೂ ವಿಡಿಯೊ ನೋಡುವ ಹೊತ್ತಿನಲ್ಲಿ ಇಂಟರ್ನೆಟ್ ನೋಡಿ. ಮುಖ್ಯವಾಗಿ, ಕರೆಂಟ್ ಹೋಗಿ ಎರಡು, ಮೂರು ಗಂಟೆ ಕಳೆದ ಮೇಲೆ ನೋಡಿ. ಟವರಿನ ಬ್ಯಾಟರಿಯ ಗಟ್ಟಿತನ ಆಗ ಗೊತ್ತಾಗುತ್ತದೆ. ಬೇರೇನನ್ನೂ ಮಾಡದಿದ್ದರೂ ಈ ಒಂದು ಪರೀಕ್ಷೆಯನ್ನು ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ, ಏಕೆಂದರೆ ಹೆರಿಗೆ ನೋವು ಕರೆಂಟ್ ಬರುವವರೆಗೆ ಕಾಯುವುದಿಲ್ಲ.

ಬಿಎಸ್‌ಎನ್‌ಎಲ್‌ಗೆ ಹೋಗುವವರು ಹ್ಯಾಂಡ್‌ಸೆಟ್ಟನ್ನೂ ನೋಡಿಕೊಳ್ಳಬೇಕು. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಅದರ ಸ್ವದೇಶಿ 4ಜಿ ಜಾಲವು 700 ಮೆಗಾಹರ್ಟ್ಸ್ ತರಂಗವನ್ನೂ ಬಳಸುತ್ತದೆ. ಹಳೆಯ 4ಜಿ ಫೋನುಗಳಲ್ಲಿ ಅದನ್ನು ಹಿಡಿಯುವ ಬ್ಯಾಂಡ್ 28 ಇರದೆ ಹೋಗಬಹುದು.

ಪೋರ್ಟ್ ಮಾಡುವ ಕೆಲಸ ಸುಲಭವೇ. PORT ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ಹತ್ತಂಕಿಯ ನಂಬರ್ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ, ಎಂಟು ಅಕ್ಷರಗಳ ಯುಪಿಸಿ ಎಂಬ ಪೋರ್ಟಿಂಗ್ ಕೋಡ್ ಬರುತ್ತದೆ. ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಅದನ್ನು ಫೋನಿನಲ್ಲಿ ಕೇಳುವ ಯಾರಿಗೂ ಹೇಳಬೇಡಿ. ರಾಜ್ಯದೊಳಗೆ ಮೂರು ಕೆಲಸದ ದಿನಗಳಲ್ಲಿ ನಂಬರ್ ಬದಲಾಗುತ್ತದೆ. ಹಳೆಯ ಪ್ಯಾಕಿನ ಉಳಿದ ದಿನಗಳೂ ಬ್ಯಾಲೆನ್ಸೂ ಹೋಗುತ್ತವೆ, ಆದ್ದರಿಂದ ಪ್ಯಾಕ್ ಮುಗಿಯಲು ಐದಾರು ದಿನ ಇರುವಾಗ ಶುರು ಮಾಡಿ. ಸಿಮ್ ಕಳೆದು ಹೊಸದು ಪಡೆದಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ನಿಯಮದಂತೆ ಏಳು ದಿನ ಈ ಕೋಡ್ ಸಿಗುವುದಿಲ್ಲ. ಗೃಹಲಕ್ಷ್ಮಿ ದುಡ್ಡು ನಿಂತುಹೋಗುತ್ತದೆ ಎಂದು ಹೆದರುವ ತಾಯಂದಿರು ಬಹಳ ಜನ. ನಂಬರ್ ಅದೇ ಉಳಿಯುವುದರಿಂದ ಆಧಾರ್, ಬ್ಯಾಂಕ್ ಜೋಡಣೆಗೆ ಏನೂ ಆಗುವುದಿಲ್ಲ.

ತಿಕೋಟಾದ ಕಾಕಾ ಒಂದು ತಿಂಗಳ ನಂತರ ಮತ್ತೆ ಬಂದರು. ಮಗ ವಿಜಯಪುರದಲ್ಲೇ ಓದುವವನು, ಅವನ ನಂಬರ್ ಪೋರ್ಟ್ ಆಯಿತು. ಕಾಕಾ ಹೊಸ ಸಿಮ್‌ನಿಂದ ಹೊಲದ ಶೆಡ್ಡಿನಲ್ಲಿ ಕರೆ ಮಾಡಿ ನೋಡಿದ್ದರು, ಅರ್ಧ ಮಾತಿಗೇ ಕಡಿದುಹೋಗುತ್ತಿತ್ತಂತೆ, ಹಾಗಾಗಿ ತಮ್ಮದನ್ನು ಬದಲಿಸಲಿಲ್ಲ. ಸ್ಟಾರ್ಟರ್ ಸಿಮ್‌ಗೆ ಮೊದಲಿದ್ದ ಕಂಪನಿಯದೇ ಬರೀ ಕರೆಯ ಪ್ಯಾಕ್ ಹಾಕಿಸಿಕೊಂಡು ಹೋದರು.